ಯಾರಿಗೆ ಯಾವ ಆಸನ? — ಕಲಬುರಗಿ ಕಮಲಾಪುರಗಳ ಪ್ರವಾಸದಲ್ಲಿ

ಸಂಸತ್ತು, ಪರಿಷತ್ತು, ಸದನ, ಸದಸ್ಯ ಎಂಬ ಶಬ್ದಗಳನ್ನು ದಿನವೂ ವೃತ್ತಪತ್ರಿಕೆಗಳಲ್ಲಿ ಓದುವ ನಮ್ಮ ವಾಚಕರು, ಇವೆಲ್ಲವೂ ಒಂದೇ ತಾಯಿಯ ಮಕ್ಕಳೆಂಬುದನ್ನು ಗಮನಿಸಿರುವರೋ ಇಲ್ಲವೋ ಅರಿಯೆವು. ‘ಸದ್’ ಎಂಬ ಸಂಸ್ಕೃತ ಧಾತುವಿಗೆ ಕುಳಿತುಕೊಳ್ಳುವುದೆಂಬುದು ಒಂದು ಅರ್ಥ. ಕೂಡಿ ಕುಳಿತರೆ ಸಂಸತ್ತು. ಸುತ್ತಲೂ ಕುಳಿತರೆ ಪರಿಷತ್ತು. ಗುರುವಿನ ಸಮೀಪದಲ್ಲಿ ಕುಳಿತು ಕಲಿತುದು ಉಪನಿಷತ್ತು. ಸಭೆಯಲ್ಲಿ ಕುಳಿತುಕೊಳ್ಳಲು ಯೋಗ್ಯನಾದವನು ಸದಸ್ಯ. ಮಾತನಾಡುವವನು ಸದಸ್ಯನೆಂದಾಗಲಿ, ಕೈಯೆತ್ತುವವನು ಸದಸ್ಯನೆಂದಾಗಲಿ ನಮ್ಮ ಪೂರ್ವಿಕರು ಹೇಳಲಿಲ್ಲ. ಮೊದಲು ಕುಳಿತುಕೊಳ್ಳಬೇಕು, ಮಿಕ್ಕುದೆಲ್ಲ ಆಮೇಲೆ. ಆಂಗ್ಲರ ‘ಸೆಷನ್’ ಎಂಬ ಮಾತೂ ಕುಳಿತುಕೊಳ್ಳುವ ಅರ್ಥದ ಲ್ಯಾಟಿನ್ ಧಾತುವಿನಿಂದಲೇ ಹುಟ್ಟಿದುದು.

ಕುಳಿತುಕೊಳ್ಳುವುದರಲ್ಲಿ ಏನು ಮಹಾವಿಷಯವೆಂದು ಕೇಳುವವರು, ಒಂದು ಮದುವೆಯ ಮನೆಯಲ್ಲಿ ಊಟದ ಪಂಕ್ತಿಯನ್ನು ಏರ್ಪಡಿಸಿ ನೋಡಬೇಕು. ಬೀಗರನ್ನು ಎರಡನೆಯ ಪಂಕ್ತಿಗೆ ಕೂರಿಸಿದ ಅಪರಾಧಕ್ಕಾಗಿ ಮೂರು ತಲೆಮಾರಿನವರೆಗೆ ಮಾತು ಬಿಟ್ಟ ಮನೆಗಳನ್ನು ನಾವು ಬಲ್ಲೆವು. ಎಲೆಯ ಮೇಲೆ ಬಡಿಸಿದುದೇನೆಂಬುದನ್ನು ಮರುದಿನವೇ ಎಲ್ಲರೂ ಮರೆಯುವರು. ಎಲೆ ಎಲ್ಲಿ ಹಾಕಿದ್ದರೆಂಬುದನ್ನು ಯಾರೂ ಮರೆಯುವುದಿಲ್ಲ. ಈ ಸಂಗತಿ ಗೃಹಿಣಿಯರಿಗೆ ನಮಗಿಂತ ಚೆನ್ನಾಗಿ ತಿಳಿದಿರುವುದು.

ಇದೇ ವಿಚಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಕಳೆದ ಮಾರ್ಗಶಿರದಲ್ಲಿ ನಾವು ಕಲಬುರಗಿಗೂ ಅಲ್ಲಿಂದ ಕಮಲಾಪುರಕ್ಕೂ ಹೋಗಿಬಂದೆವು. ಬೇಸಗೆಯಲ್ಲಿ ಆ ನಾಡಿಗೆ ಹೋಗತಕ್ಕದ್ದಲ್ಲ. ಚಳಿಗಾಲದಲ್ಲಾದರೋ ತೊಗರಿಯ ಹೊಲಗಳು ಹಳದಿ ಹೂವಿನಿಂದಲೂ ಕಾಯಿಯಿಂದಲೂ ತುಂಬಿ ಕಣ್ಣಿಗೆ ಹಬ್ಬವಾಗಿರುವುವು.

ಕಲಬುರಗಿಯ ಕೋಟೆಯನ್ನು ನೋಡಲು ಹೋಗುವವರು ಸಾಮಾನ್ಯವಾಗಿ ಬಾಲಾ ಹಿಸ್ಸಾರನ್ನೂ ಫಿರಂಗಿಗಳನ್ನೂ ನೋಡಿ ಹಿಂದಿರುಗುವರು. ನಮಗೆ ಅಲ್ಲಿ ಕಾಣಬೇಕಾಗಿದ್ದುದು ಈಗ ಇಲ್ಲದಿರುವ ಒಂದು ದರ್ಬಾರು. 1347ರಲ್ಲಿ ಅಲಾಉದ್ದೀನ್ ಹಸನನು ಬಹಮನೀ ರಾಜ್ಯವನ್ನು ಸ್ಥಾಪಿಸಿ ಈ ಊರನ್ನೇ ರಾಜಧಾನಿಯನ್ನಾಗಿ ಮಾಡಿಕೊಂಡನಷ್ಟೆ. ಅವನಿಗಿಂತ ಮೊದಲು ದೌಲತಾಬಾದಿನ ದಂಗೆಕೋರರು ಇಸ್ಮಾಯಿಲ್ ಮುಖ್ ಎಂಬ ವೃದ್ಧ ಸರದಾರನನ್ನು ಸುಲ್ತಾನನೆಂದು ಆರಿಸಿಕೊಂಡಿದ್ದರು. ಆತನು ತಾನಾಗಿಯೇ ಸಿಂಹಾಸನವನ್ನು ಹಸನನಿಗೆ ಬಿಟ್ಟುಕೊಟ್ಟು ಅಮೀರನಾಗಿ ನಿಂತನು. ರಾಜ್ಯವನ್ನೇ ಬಿಟ್ಟುಕೊಟ್ಟ ಇಂಥವನಿಗೆ ಮುಂದೆ ಬಂದ ವ್ಯಸನವಾವುದು ಬಲ್ಲಿರಾ? ಒಂದು ಆಸನ. ಇತಿಹಾಸಕಾರನಾದ ಫಿರಿಸ್ತಾನು ಹೇಳುವಂತೆ, ಸುಲ್ತಾನನು ತನ್ನ ಮಂತ್ರಿಯಾದ ಸೈಫುದ್ದೀನ್ ಘೋರಿಯನ್ನು ದರ್ಬಾರಿನಲ್ಲಿ ಇಸ್ಮಾಯಿಲನಿಗಿಂತ ಮೇಲಿನ ಸ್ಥಾನದಲ್ಲಿ ಕೂರಿಸಿದನು. ಸೇನಾಧಿಪತಿಗಿಂತ ಮಂತ್ರಿಯು ಮೇಲೆಂಬುದು ಸುಲ್ತಾನನ ಸಮಾಧಾನ. ಇಸ್ಮಾಯಿಲನು ಅದನ್ನು ಒಪ್ಪಲಿಲ್ಲ; ಒಳಗೊಳಗೇ ಪಿತೂರಿ ಹೂಡಿದನು; ಪಿತೂರಿ ಹೊರಬಿದ್ದು ಪ್ರಾಣವನ್ನು ಕಳೆದುಕೊಂಡನು. ಸಿಂಹಾಸನವನ್ನು ಬಿಡಬಲ್ಲವನು ಪಕ್ಕದ ಪೀಠವನ್ನು ಬಿಡಲಾರದೆ ಹೋದನು! ಮನುಷ್ಯಸ್ವಭಾವದ ಈ ವಿಚಿತ್ರವನ್ನು ಕುರಿತು ಕೋಟೆಯ ಬಯಲಿನಲ್ಲಿ ಬಹಳ ಹೊತ್ತು ಯೋಚಿಸಿದೆವು.

ಹಸನನ ಮಗನಾದ ಮೊದಲನೆಯ ಮಹಮ್ಮದ್ ಷಹನ ಕಾಲದಲ್ಲಿ ತೆಲಂಗಾಣದಿಂದ ಬಂದ ‘ತಖ್ತ್-ಇ-ಫಿರೋಜಾ’ ಎಂಬ ಸಿಂಹಾಸನವು ಇಲ್ಲಿಯೇ ಇದ್ದಿತು. ಕರೀಮರದ ಮೇಲೆ ಚಿನ್ನದ ತಗಡು ಹೊದಿಸಿ, ನೀಲಿ ಬಣ್ಣದ ಮೀನಾಕಾರಿ ಮಾಡಿ, ರತ್ನಗಳನ್ನು ಕೆತ್ತಿದ್ದ ಪೀಠವಂತೆ. ಒಬ್ಬೊಬ್ಬ ಸುಲ್ತಾನನೂ ಮತ್ತಷ್ಟು ರತ್ನಗಳನ್ನು ಸೇರಿಸುತ್ತ ಹೋದನೆಂದೂ, ಕಡೆಗೆ ಬೀದರಿನಲ್ಲಿ ಮಹಮೂದ್ ಷಹನ ಕಾಲಕ್ಕೆ ಅದನ್ನು ಒಡೆದುಹಾಕಿದರೆಂದೂ ಹೇಳುವರು. ಬೆಲೆಯುಳ್ಳ ಆಸನದ ಗತಿ ಸಾಮಾನ್ಯವಾಗಿ ಇಷ್ಟೇ.

ಆ ದರ್ಬಾರಿನ ಗುರುತು ಉಳಿಯದಿದ್ದರೂ ಅದೇ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಯು ಇಂದಿಗೂ ಗಟ್ಟಿಯಾಗಿ ನಿಂತಿರುವುದು. ಸುಮಾರು 216 ಅಡಿ ಉದ್ದ, 176 ಅಡಿ ಅಗಲ. ಉಳಿದ ಮಸೀದಿಗಳಂತೆ ನಡುವೆ ತೆರೆದ ಅಂಗಳವಿಲ್ಲದೆ ಪೂರ್ತಿಯಾಗಿ ಛಾವಣಿ ಹೊದೆದುದು. ಒಳಗೆ ನಿಂತು ನೋಡಿದರೆ ಕಮಾನಿನ ಹಿಂದೆ ಕಮಾನು, ಸಾಲಿನ ಹಿಂದೆ ಸಾಲು. ಸುಲ್ತಾನನಿರಲಿ ಭಿಕ್ಷುಕನಿರಲಿ, ಪ್ರಾರ್ಥನೆಗೆ ಬಂದವರು ಹೆಗಲಿಗೆ ಹೆಗಲು ಕೊಟ್ಟು ಒಂದೇ ಸಾಲಿನಲ್ಲಿ ನಿಲ್ಲತಕ್ಕದ್ದೆಂಬುದು ಆ ಧರ್ಮದ ವಿಧಿ. ಹತ್ತು ನಿಮಿಷ ನಡೆದರೆ ಮುಗಿಯುವ ಈ ಕೋಟೆಯಲ್ಲಿ ಒಂದು ಕಡೆ ಪೀಠಕ್ಕಾಗಿ ಪ್ರಾಣಹೋಗುವ ದರ್ಬಾರು, ಮತ್ತೊಂದು ಕಡೆ ಪೀಠವೇ ಇಲ್ಲದ ಸಾಲು! ನಾವು ಹೊರಗೆ ಬಂದು ಸಂಜೆ ಶರಣಬಸವೇಶ್ವರರ ಗುಡಿಗೆ ಹೋದೆವು. ದಾಸೋಹಕ್ಕೆ ಹೆಸರಾದ ಸ್ಥಳವದು. ಅಲ್ಲಿಯೂ ಉಣ್ಣುವವನು ಯಾರೆಂದು ಕೇಳುವ ಪದ್ಧತಿಯಿಲ್ಲ.

ಇನ್ನು ನಮ್ಮ ಕಾಲದ ಸಭೆಗಳಿಗೆ ಬರೋಣ. ಕಲಬುರಗಿಯ ಜನಪ್ರತಿನಿಧಿಗಳು ಕುಳಿತಷ್ಟು ಬೇರೆಬೇರೆ ಸಭಾಮಂದಿರಗಳಲ್ಲಿ ಮೈಸೂರು ಸೀಮೆಯವರು ಕುಳಿತವರಲ್ಲ. 1952ರಲ್ಲಿ ಈ ಜಿಲ್ಲೆಯಿಂದ ಆರಿಸಿಹೋದವರು ಹೈದರಾಬಾದು ಸಂಸ್ಥಾನದ 175 ಸದಸ್ಯರ ವಿಧಾನಸಭೆಯಲ್ಲಿ, ತೆಲುಗು ಮರಾಠಿ ಉರ್ದುಗಳ ನಡುವೆ ಕುಳಿತಿದ್ದರು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು; ಅದೇ ವರ್ಷ ಪೂರ್ತಿಯಾದ ಬೆಂಗಳೂರಿನ ವಿಧಾನಸೌಧದಲ್ಲಿ ಇವರಿಗೆ ಸ್ಥಳವಾಯಿತು. ಎಣಿಕೆ 1957ರಲ್ಲಿ 208, ಈಗ 224. ಆ ಮಂದಿರದಲ್ಲಿ ಮುಖ್ಯಮಂತ್ರಿಯ ಆಸನದಲ್ಲಿಯೇ ಈ ಸೀಮೆಯವರಿಬ್ಬರು ಕುಳಿತರು: ಚಿಂಚೋಳಿಯ ವೀರೇಂದ್ರ ಪಾಟೀಲರು 1968ರಲ್ಲಿ ಒಮ್ಮೆ, 1989ರಲ್ಲಿ ಮತ್ತೊಮ್ಮೆ, ಜೇವರ್ಗಿಯ ಧರ್ಮಸಿಂಗರು 2004ರಲ್ಲಿ.

ಆಸನಗಳನ್ನು ಹಂಚುವವರು ಯಾರು? ಲೋಕಸಭೆಯ ನಿಯಮವು ಇದನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿರುವುದು. ಸಭಾಧ್ಯಕ್ಷರು ನಿರ್ಣಯಿಸಿದ ಕ್ರಮದಲ್ಲಿ ಸದಸ್ಯರು ಕುಳಿತುಕೊಳ್ಳತಕ್ಕದ್ದೆಂಬುದೇ ಅದರ ತಾತ್ಪರ್ಯ. ಅಧ್ಯಕ್ಷರ ಬಲಗಡೆಯಲ್ಲಿ ಸರ್ಕಾರದ ಪಕ್ಷ, ಎಡಗಡೆಯಲ್ಲಿ ವಿರೋಧಪಕ್ಷಗಳು. ಎಡಗಡೆಯ ಮೊದಲ ಸಾಲಿನ ಮೊದಲ ಆಸನವು ಉಪಾಧ್ಯಕ್ಷರದು, ಅದರ ಪಕ್ಕದ್ದು ವಿರೋಧಪಕ್ಷದ ನಾಯಕರದು. ಇಷ್ಟು ಸಂಪ್ರದಾಯ. ಮಿಕ್ಕುದಕ್ಕೆ ಲೆಕ್ಕವುಂಟು, ಮತ್ತು ಆ ಲೆಕ್ಕವು ನಮ್ಮಂಥ ಮಾಸ್ತರರಿಗೆ ಬಹು ಪ್ರಿಯವಾದ ತ್ರೈರಾಶಿಕ. ಐದು ಅಥವಾ ಹೆಚ್ಚು ಸದಸ್ಯರುಳ್ಳ ಪಕ್ಷದ ಬಲವನ್ನು ಒಂದು ಸಾಲಿನ ಆಸನಗಳ ಎಣಿಕೆಯಿಂದ ಗುಣಿಸಿ, ಸದನದ ಒಟ್ಟು ಬಲದಿಂದ ಭಾಗಿಸಬೇಕು. ಬಂದ ಫಲವೇ ಆ ಸಾಲಿನಲ್ಲಿ ಆ ಪಕ್ಷದ ಪಾಲು. ಸಣ್ಣ ಪಕ್ಷದವರಿಗೂ ಪಕ್ಷವಿಲ್ಲದವರಿಗೂ ಅಧ್ಯಕ್ಷರ ವಿವೇಚನೆಯೇ ಗತಿ. ಹಿರಿತನವನ್ನೂ ವಯಸ್ಸನ್ನೂ ನೋಡಿ ಅವರು ಒಮ್ಮೊಮ್ಮೆ ಮುಂದಿನ ಸಾಲನ್ನು ಕೊಡುವುದುಂಟು.

ಮಕ್ಕಳಿಗಾಗಿ ಒಂದು ಉದಾಹರಣೆ. 2014ರಲ್ಲಿ ಕಾಂಗ್ರೆಸ್ ಪಕ್ಷದಿಂದ 44 ಸದಸ್ಯರು ಲೋಕಸಭೆಗೆ ಆರಿಸಿಬಂದರು. ಆರಿಸತಕ್ಕ ಸ್ಥಾನಗಳು 543. ಒಂದು ಸಾಲಿನಲ್ಲಿ 20 ಆಸನಗಳಿವೆಯೆಂದಿಟ್ಟುಕೊಂಡರೆ 44ನ್ನು 20ರಿಂದ ಗುಣಿಸಿ 543ರಿಂದ ಭಾಗಿಸಿದಾಗ ಬರುವುದು ಒಂದೂವರೆಗೆ ಸ್ವಲ್ಪ ಹೆಚ್ಚು. ಅರ್ಧ ಮನುಷ್ಯನನ್ನು ಕೂರಿಸಲಾಗದಷ್ಟೆ, ಆದುದರಿಂದ ಎರಡೆನ್ನಬೇಕು. ಈ ಎರಡರಲ್ಲಿ ಒಂದು ಕಲಬುರಗಿಯ ಸದಸ್ಯರಿಗೆ ಸಲ್ಲುವಂತಿದ್ದಿತೆಂಬುದು ನಮ್ಮ ಪ್ರವಾಸಕ್ಕೆ ಸಂಬಂಧಪಟ್ಟ ಮಾತು. 1972ರಿಂದ ವಿಧಾನಸಭೆಯಲ್ಲಿದ್ದ ಮಲ್ಲಿಕಾರ್ಜುನ ಖರ್ಗೆಯವರು 2009ರಲ್ಲಿ ಇಲ್ಲಿಂದ ಲೋಕಸಭೆಗೆ ಹೋಗಿ ಮಂತ್ರಿಗಳಾಗಿ ಅಧ್ಯಕ್ಷರ ಬಲಗಡೆಯಲ್ಲಿ ಕುಳಿತರು. 2014ರಲ್ಲಿ ಎಡಗಡೆಗೆ ಬಂದು ತಮ್ಮ ಪಕ್ಷದ ನಾಯಕರಾದರು. ಸದನದ ಹತ್ತನೆಯ ಒಂದು ಪಾಲು ಬಲವಿಲ್ಲವೆಂಬ ಕಾರಣದಿಂದ ಅಧಿಕೃತ ವಿರೋಧಪಕ್ಷ ನಾಯಕನೆಂಬ ಪದವಿ ಆಗ ದೊರೆಯಲಿಲ್ಲ. 2019ರಲ್ಲಿ ಕಲಬುರಗಿಯ ಮತದಾರರು ಬೇರೊಬ್ಬರನ್ನು ಆರಿಸಿದರು. ಖರ್ಗೆಯವರು ಮುಂದೆ ರಾಜ್ಯಸಭೆಯನ್ನು ಸೇರಿ 2021ರಲ್ಲಿ ಅಲ್ಲಿ ವಿರೋಧಪಕ್ಷದ ನಾಯಕರಾದರು. ಪಕ್ಷದ ಮಾತು ನಮಗೆ ಬೇಡ. ನಾವು ನೋಡುವುದು ಇಷ್ಟೇ: ಬಹಮನಿಯ ಇಸ್ಮಾಯಿಲನು ಒಂದು ಪೀಠ ಕೆಳಗಿಳಿದುದಕ್ಕೆ ಕತ್ತಿಯನ್ನು ನೆನೆದನು, ಈ ಕಾಲದಲ್ಲಿ ಬಲದಿಂದ ಎಡಕ್ಕೆ ಹೋಗುವವರು ಕಾಗದಪತ್ರಗಳನ್ನು ಕಟ್ಟಿಕೊಂಡು ನಡೆದುಹೋಗುವರು. ಆರು ನೂರು ವರ್ಷಗಳಲ್ಲಿ ನಾವು ಏನನ್ನೂ ಕಲಿತಿಲ್ಲವೆನ್ನುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆಸನವೆಂದರೆ ಬರಿಯ ಮರ್ಯಾದೆಯಲ್ಲ, ಧ್ವನಿಯೂ ಅದೇ. ಸದಸ್ಯನು ತನ್ನ ಸ್ಥಳದಿಂದಲೇ ಮಾತನಾಡಬೇಕು. ಅಲ್ಲಿಯೇ ಧ್ವನಿವರ್ಧಕ, ಅಲ್ಲಿಯೇ ಭಾಷಾಂತರವನ್ನು ಕೇಳುವ ಯಂತ್ರ, ಅಲ್ಲಿಯೇ ಮತ ಹಾಕುವ ಗುಂಡಿ. ಮಾತನಾಡುವವರಿಗೂ ಅಧ್ಯಕ್ಷರಿಗೂ ನಡುವೆ ಹಾದುಹೋಗುವುದು ನಿಷಿದ್ಧ. ಹಳೆಯ ಲೋಕಸಭಾಭವನದಲ್ಲಿ ಅರ್ಧವರ್ತುಲಾಕಾರದಲ್ಲಿ ಆರು ಭಾಗಗಳಾಗಿ 550 ಆಸನಗಳಿದ್ದುವು: ಎರಡು ಕೊನೆಗಳಲ್ಲಿ 97ರಂತೆ, ನಡುವಿನ ನಾಲ್ಕರಲ್ಲಿ 89ರಂತೆ. 2023ರ ಮೇ 28ರಂದು ಆರಂಭವಾದ ಹೊಸ ಸಂಸತ್ ಭವನದಲ್ಲಿ ಲೋಕಸಭೆಗೆ 888, ರಾಜ್ಯಸಭೆಗೆ 384. ಬಿಲಾಯತಿಯ ಕಾಮನ್ಸ್ ಸಭೆಯದು ಬೇರೆ ರೀತಿ. ಅಲ್ಲಿ 650 ಸದಸ್ಯರಿಗೆ ಸುಮಾರು 430 ಆಸನಗಳು ಮಾತ್ರ. ಉಭಯ ಪಕ್ಷದವರೂ ಎದುರುಬದುರಾಗಿ ಬೆಂಚುಗಳ ಮೇಲೆ ಕೂರುವರು, ತಡವಾಗಿ ಬಂದವರು ನಿಲ್ಲುವರು. ಯುದ್ಧದಲ್ಲಿ ಕೆಡವಲ್ಪಟ್ಟ ಮಂದಿರವನ್ನು ತಿರುಗಿ ಕಟ್ಟುವಾಗ, ಇಕ್ಕಟ್ಟಾಗಿರುವುದೇ ಮೇಲೆಂದು ಚರ್ಚಿಲ್ ಸಾಹೇಬರು 1943ರಲ್ಲಿ ವಾದಿಸಿದರು. ಆ ವಾದದಲ್ಲಿ ಹುರುಳಿಲ್ಲದಿಲ್ಲ, ಆದರೆ ನಮ್ಮ ಸೆಕೆಯ ದೇಶಕ್ಕೆ ಅದು ಹೊಂದದು.

ಡೆಲ್ಲಿಯ ಮಾತು ಸಾಕು. ಕಲಬುರಗಿಯ ಮಹಾನಗರಪಾಲಿಕೆಗೆ 55 ವಾರ್ಡುಗಳು. 2021ರ ಸೆಪ್ಟೆಂಬರಿನಲ್ಲಿ ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 27, ಭಾರತೀಯ ಜನತಾ ಪಕ್ಷಕ್ಕೆ 23, ಜನತಾದಳಕ್ಕೆ 4, ಪಕ್ಷೇತರರಿಗೆ 1 ಸ್ಥಾನಗಳು ಬಂದುವು. ಬಹುಮತಕ್ಕೆ ಒಂದು ಕಡಿಮೆಯಾದರೆ ಏನಾಗುವುದೆಂಬುದನ್ನು ಆ ಊರಿನವರು ಆಗ ಚೆನ್ನಾಗಿ ಕಂಡರು. ಮೇಯರರ ಚುನಾವಣೆ ನಡೆದುದು 2023ರ ಮಾರ್ಚಿನಲ್ಲಿ. ಅಲ್ಲಿಯವರೆಗೆ, ಒಂದೂವರೆ ವರ್ಷ, ಗೆದ್ದ ಐವತ್ತೈದು ಜನರಿಗೆ ಸದಸ್ಯರೆಂಬ ಹೆಸರಿದ್ದು ಕುಳಿತುಕೊಳ್ಳಲು ಸಭೆಯಿರಲಿಲ್ಲ. ಧಾತ್ವರ್ಥವನ್ನು ನಂಬಿದ ನಮಗೆ ಇದು ವ್ಯಾಕರಣದ ದೋಷವಾಗಿಯೂ ಕಂಡಿತು.

ಮರುದಿನ ಬೆಳಗ್ಗೆ ಹುಮನಾಬಾದಿನ ದಾರಿಯ ಬಸ್ಸನ್ನು ಹಿಡಿದು ಕಮಲಾಪುರಕ್ಕೆ ಹೊರಟೆವು. ಸುಮಾರು 35 ಕಿಲೋಮೀಟರು. ಕರಿಯ ಮಣ್ಣು ನಿಧಾನವಾಗಿ ಕೆಂಪಾಗುತ್ತ, ಬಯಲು ನೆಲದಲ್ಲಿ ಏರುತಗ್ಗುಗಳು ಕಾಣಿಸಿಕೊಳ್ಳುವುವು. ಇದೇ ದಾರಿ ಮುಂದುವರಿದು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವುದು. ಕುಳಿತುಕೊಳ್ಳುವ ವಿಷಯದಲ್ಲಿ ಕಲ್ಯಾಣವನ್ನು ಬಿಟ್ಟು ಮಾತನಾಡುವಂತೆಯೇ ಇಲ್ಲ. ಅಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಆಸ್ಥಾನವನ್ನು ವರ್ಣಿಸುವ ಭಾಗವೊಂದುಂಟು. ಅರಸನ ಹತ್ತಿರ ಯಾರು, ದೂರ ಯಾರು ಎಂಬ ಶ್ರೇಣಿಯೇ ಅಲ್ಲಿ ಆಸ್ಥಾನದ ಶೋಭೆ. ಓದಲು ಬಹು ಸೊಗಸು. ಆ ಗ್ರಂಥ ಹುಟ್ಟಿ ಒಂದು ತಲೆಮಾರು ಕಳೆಯುವಷ್ಟರಲ್ಲಿ ಅದೇ ಊರಿನಲ್ಲಿ ಬಸವಣ್ಣನವರ ಅನುಭವಮಂಟಪ. ಅಗಸರ ಮಾಚಯ್ಯ, ಅಂಬಿಗರ ಚೌಡಯ್ಯ, ಅಕ್ಕಮಹಾದೇವಿ ಮೊದಲಾದವರು ಸಮಾನರಾಗಿ ಕುಳಿತ ಆ ಗೋಷ್ಠಿಗೆ ಅಧ್ಯಕ್ಷರಾದವರು ಅಲ್ಲಮಪ್ರಭುಗಳು. ಅವರ ಪೀಠದ ಹೆಸರು ಶೂನ್ಯಸಿಂಹಾಸನ. ಶೂನ್ಯಸಂಪಾದನೆಯ ಪರಂಪರೆಯಲ್ಲಿ ಹೀಗೆ ಹೇಳಿರುವರು. ಸಿಂಹಾಸನಕ್ಕೆ ಶೂನ್ಯವೆಂದು ಹೆಸರಿಟ್ಟವರು ಜಗತ್ತಿನಲ್ಲಿ ಬೇರೆ ಯಾರಾದರೂ ಇರುವರೇ? ಆ ನೆನಪಿಗಾಗಿ ಹೊಸ ಅನುಭವಮಂಟಪವೊಂದಕ್ಕೆ ಬಸವಕಲ್ಯಾಣದಲ್ಲಿ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದರು.

ಕಮಲಾಪುರದಲ್ಲಿ ಇಳಿದೊಡನೆ ಕಣ್ಣಿಗೆ ಬೀಳುವುದು ಕೆಂಪು ಬಾಳೆಯ ಹಣ್ಣು. ಸಿಪ್ಪೆ ಕೆಂಪು, ತಿರುಳು ಕೆನೆಬಣ್ಣ, ಗಾತ್ರ ದಪ್ಪ, ಬೆಲೆಯೂ ದಪ್ಪ. ಭೌಗೋಳಿಕ ಗುರುತಿನ ಮನ್ನಣೆಯನ್ನು ಪಡೆದಿರುವ ಈ ಹಣ್ಣನ್ನು ಸಾಮಾನ್ಯ ಬಾಳೆಯೊಡನೆ ಒಂದೇ ಬುಟ್ಟಿಯಲ್ಲಿ ಅಂಗಡಿಯವನು ಇಡಲಿಲ್ಲ; ಅದಕ್ಕೆ ಮೇಲೆ ಬೇರೆಯ ಹಲಗೆ. ಹಣ್ಣುಗಳಲ್ಲಿಯೂ ಆಸನಭೇದ!

ಈ ಊರಿಗೆ ವಿಧಾನಸೌಧದಲ್ಲಿ ಒಂದು ಕಾಲಕ್ಕೆ ಸ್ವಂತ ಕುರ್ಚಿಯಿದ್ದಿತು. ಕಮಲಾಪುರವೆಂಬ ವಿಧಾನಸಭಾ ಕ್ಷೇತ್ರವು ಪರಿಶಿಷ್ಟ ಜಾತಿಯವರಿಗೆ ಮೀಸಲಾದುದು. ಊರಿನ ಕಟ್ಟೆಯ ಮೇಲೆ ಕುಳ್ಳಿರಲು ಯಾವ ಜನರಿಗೆ ತಲೆತಲಾಂತರದಿಂದ ಅನುಮತಿಯಿರಲಿಲ್ಲವೋ, ಅವರಲ್ಲೊಬ್ಬರು ಬೆಂಗಳೂರಿನಲ್ಲಿ ಮೆತ್ತನೆಯ ಆಸನದಲ್ಲಿ ಕುಳಿತು ‘ಕಮಲಾಪುರದ ಮಾನ್ಯ ಸದಸ್ಯರು’ ಎಂದು ಕರೆಸಿಕೊಳ್ಳುತ್ತಿದ್ದರು. ಡಾಕ್ಟರ್ ಅಂಬೇಡ್ಕರರೂ ಅವರೊಡನೆ ಕುಳಿತವರೂ ಬರೆದ ಸಂವಿಧಾನದ ಈ ಒಂದು ಏರ್ಪಾಟನ್ನು ಕುರಿತು ಎಷ್ಟು ಹೇಳಿದರೂ ಸಾಲದು. 2008ರ ಪುನರ್ವಿಂಗಡಣೆಯಲ್ಲಿ ಆ ಕ್ಷೇತ್ರದ ಹೆಸರು ಅಳಿಯಿತು. ಮೀಸಲಾತಿ ಕಲಬುರಗಿ ಗ್ರಾಮೀಣವೆಂಬ ಕ್ಷೇತ್ರದಲ್ಲಿ ಉಳಿಯಿತು. 2017ರ ಮುಂಗಡಪತ್ರದಲ್ಲಿ ಘೋಷಿತವಾದ ಹೊಸ ತಾಲೂಕುಗಳಲ್ಲಿ ಕಮಲಾಪುರವೂ ಒಂದಾದುದರಿಂದ ಊರಿಗೆ ತಹಶೀಲ್ದಾರರ ಕುರ್ಚಿ ಬಂದಿತು. ಸದನದ ಕುರ್ಚಿ ಹೋಗಿ ಕಚೇರಿಯ ಕುರ್ಚಿ ಬಂದುದು ಲಾಭವೋ ನಷ್ಟವೋ ಎಂದು ಚಹದಂಗಡಿಯಲ್ಲಿ ಕೇಳಿದೆವು. ಉತಾರಿಗಾಗಿ ಕಲಬುರಗಿಗೆ ಅಲೆಯುವುದು ತಪ್ಪಿತೆಂದರು ಕೆಲವರು. ಊರಿನ ಹೆಸರು ಬೆಂಗಳೂರಿನಲ್ಲಿ ಕೇಳಿಬರುತ್ತಿತ್ತೆಂದು ನಿಟ್ಟುಸಿರಿಟ್ಟರು ಇನ್ನು ಕೆಲವರು. ಇಬ್ಬರ ಮಾತೂ ನಿಜವೆಂದು ನಮಗೆ ತೋರಿತು.

ಅಲ್ಲಿಂದ ಒಂದು ಹರದಾರಿ ಒಳಗಿರುವ ಹಳ್ಳಿಯೊಂದಕ್ಕೆ ಪರಿಚಯದವರ ಜೊತೆಯಲ್ಲಿ ಹೋದೆವು. ಆ ಹಳ್ಳಿಯ ಹೆಸರು ಬೇಡ. ಬೇವಿನ ಮರದ ಕೆಳಗೆ ಚಪ್ಪಡಿಕಲ್ಲಿನ ಕಟ್ಟೆ. ಹಿಂದೆ ಗೌಡರು ಎಲ್ಲಿ, ಕುಲಕರ್ಣಿಯವರು ಎಲ್ಲಿ, ಮೆಟ್ಟಿಲಿನ ಬಳಿ ನಿಲ್ಲತಕ್ಕವರು ಯಾರು ಎಂಬುದನ್ನು ಹಿರಿಯರೊಬ್ಬರು ಕೈಮಾಡಿ ತೋರಿಸಿದರು. ಈಗ ಯಾರು ಬೇಕಾದರೂ ಕೂರುವರೆಂದೂ ಹೇಳಿದರು. ನಾವು ನೋಡಿದಾಗ ಕಟ್ಟೆಯ ಮೇಲೆ ಇದ್ದವರೆಲ್ಲರೂ ಗಂಡಸರೇ.

ಹೆಂಗಸರಿಗೆ ಪಂಚಾಯತಿಯಲ್ಲಿ ಸ್ಥಳವನ್ನು ಕಾಯಿದೆಯಿಂದ ಕೊಟ್ಟ ನಾಡುಗಳಲ್ಲಿ ನಮ್ಮದು ಮೊದಲಿನ ಸಾಲಿನದು. 1983ರ ಕಾಯಿದೆಯಂತೆ 1987ರಲ್ಲಿ ಮಂಡಲ ಪಂಚಾಯತಿಗಳ ಚುನಾವಣೆ ನಡೆದಾಗ ನಾಲ್ಕರಲ್ಲಿ ಒಂದು ಪಾಲು ಅವರಿಗೆ ಮೀಸಲಾಗಿದ್ದಿತು. ಅಬ್ದುಲ್ ನಜೀರ್ ಸಾಹೇಬರ ಹೆಸರನ್ನು ಹಳ್ಳಿಗಳು ಇಂದಿಗೂ ನೆನೆಯುವುದು ನೀರಿಗಾಗಿಯೂ ಈ ಪಂಚಾಯತಿಗಳಿಗಾಗಿಯೂ. 1993ರ ಕಾಯಿದೆಯಿಂದ ಮೂರರಲ್ಲಿ ಒಂದಾಯಿತು, 2010ರ ತಿದ್ದುಪಡಿಯಿಂದ ಅರ್ಧವಾಯಿತು. ಲೋಕಸಭೆ ವಿಧಾನಸಭೆಗಳಲ್ಲಿ ಮೂರನೆಯ ಒಂದು ಪಾಲನ್ನು ಕೊಡುವ ಸಂವಿಧಾನದ ತಿದ್ದುಪಡಿಗೆ ಹೊಸ ಸಂಸತ್ ಭವನದಲ್ಲಿ 2023ರ ಸೆಪ್ಟೆಂಬರಿನಲ್ಲಿ ಒಪ್ಪಿಗೆಯಾಯಿತು. ಗ್ರಾಮದ ಹೆಂಗಸು ದಾರಿ ತೋರಿಸಿದ ಮೂವತ್ತಾರು ವರ್ಷಗಳ ಮೇಲೆ ಪಟ್ಟಣದವರು ಹಿಂಬಾಲಿಸಿದರೆನ್ನಬಹುದು.

ಆ ಹಳ್ಳಿಯಲ್ಲಿಯೇ ಹಿಂದೊಮ್ಮೆ ಪಂಚಾಯತಿಯ ಸದಸ್ಯೆಯಾಗಿದ್ದ ವೃದ್ಧೆಯೊಬ್ಬರನ್ನು ಕಂಡೆವು. ಅಂಗಳದಲ್ಲಿ ತೊಗರಿ ಕೇರುತ್ತಿದ್ದರು. ‘‘ತಾಯೀ, ಮೊದಲ ದಿನ ಸಭೆಯಲ್ಲಿ ಎಲ್ಲಿ ಕುಳಿತಿರಿ?’’ ಎಂದು ಕೇಳಿದೆವು. ಮರವನ್ನು ಕೆಳಗಿಟ್ಟು ನಕ್ಕರು.

‘‘ಬಾಗಲದ ಬಾಜೂಕ, ನೆಲದ ಮ್ಯಾಲ್ರೀ ಮಾಸ್ತರ್ರೇ. ಕುರ್ಸಿ ಖಾಲಿ ಇರ್ತಿತ್ತು. ಕುಂದ್ರು ಅಂತ ಯಾರೂ ಅನ್ನಲಿಲ್ಲ, ಕುಂದ್ರಬ್ಯಾಡ ಅಂತನೂ ಯಾರೂ ಅನ್ನಲಿಲ್ಲ.’’

ಇದಕ್ಕಿಂತ ಸ್ಪಷ್ಟವಾಗಿ ಈ ದೇಶದ ಸ್ಥಿತಿಯನ್ನು ಹೇಳಿದ ಮಾತನ್ನು ನಾವು ಯಾವ ಶಾಸ್ತ್ರಗ್ರಂಥದಲ್ಲಿಯೂ ಕಂಡಿಲ್ಲ. ಹಾಗಾದರೆ ಕುರ್ಚಿಗೆ ಏರಿದುದು ಹೇಗೆ? ಸಹಿಯ ಪುಸ್ತಕವು ಕುರ್ಚಿಯಿಂದ ಕುರ್ಚಿಗೆ ಸಾಗುತ್ತಿತ್ತಂತೆ. ನೆಲಕ್ಕೆ ಇಳಿಯುವಷ್ಟರಲ್ಲಿ ಠರಾವುಗಳೆಲ್ಲ ಬರೆದು ಮುಗಿದಿರುತ್ತಿದ್ದುವು. ಇವರು ಹೆಬ್ಬೆಟ್ಟು ಒತ್ತಬೇಕು, ಅಷ್ಟೇ. ಇವರ ಓಣಿಗೆ ಬೋರ್‌ವೆಲ್ ಬೇಕೆಂಬ ಮಾತು ಎರಡು ಸಭೆಗಳಲ್ಲಿ ಬಂದು ಎರಡು ಸಲವೂ ಬೇರೆ ಓಣಿಗೆ ಹೋಯಿತು. ಮೂರನೆಯ ಸಭೆಗೆ ಇವರು ಎಲ್ಲರಿಗಿಂತ ಮೊದಲೇ ಹೋಗಿ ಒಂದು ಕುರ್ಚಿಯ ಮೇಲೆ ಕುಳಿತುಬಿಟ್ಟರು.

‘‘ಬೈದರೇನು?’’

‘‘ಇಲ್ರೀ. ಒಬ್ಬಾತ ಬಂದು ನಿಂತು ನೋಡಿದ. ಮತ್ತ ಬ್ಯಾರೆ ಕುರ್ಸಿ ಮ್ಯಾಲ ಕುಂತ. ಬುಕ್ಕು ನನ್ನ ಕೈಗೆ ಬಂತು; ಇದರಾಗ ನಮ್ಮ ಓಣಿ ಹೆಸರು ಎಲ್ಲೈತಿ ತೋರ್ಸು ಅಂದೆ. ತೋರ್ಸಲಾಕ ಇರ್ಲಿಲ್ಲ. ಬರೀ ಅಂದೆ.’’

‘‘ಬರೆದರೆ?’’

‘‘ಬರದ್ರು. ಬೋರು ಬರಾಕ ಮತ್ತ ಎರಡು ವರ್ಷ ಹಿಡೀತ್ರೀ. ಬಂತು.’’

ಬೋರ್‌ವೆಲ್ಲನ್ನು ನೋಡಿಬರುವಂತೆ ಮೊಮ್ಮಗನನ್ನು ಜೊತೆಗೆ ಕಳುಹಿಸಿದರು. ಹೊರಡುವಾಗ, ಆ ಕುರ್ಚಿ ಸಭೆಯಲ್ಲಿ ಯಾವ ಸ್ಥಳದಲ್ಲಿದ್ದಿತೆಂದು ಕೇಳಿದೆವು. ಅಧ್ಯಕ್ಷರ ಬಲಕ್ಕೋ ಎಡಕ್ಕೋ ತಿಳಿಯಬೇಕೆಂಬ ನಮ್ಮ ಕುತೂಹಲ. ಕಿಟಕಿಯ ಪಕ್ಕದ್ದೆಂದರು. ಬೇಸಗೆಯಲ್ಲಿ ಗಾಳಿ ಬರುತ್ತಿತ್ತಂತೆ, ಅದಕ್ಕೇ ಆರಿಸಿಕೊಂಡರಂತೆ; ಐದು ವರ್ಷವೂ ಅದನ್ನು ಬಿಡಲಿಲ್ಲವಂತೆ.